ಚೆಲುವಮ್ಮ ಕೇಳಿದ ಕಡತ

ನಮ್ಮೂರಿನ ಪುರಸಭೆಯಲ್ಲಿ ಯಾವುದಾದರೂ ಕಾಗದವನ್ನು ಒಂದು ವರ್ಷ ಯಾರೂ ಓದದೆ ಬಿಟ್ಟರೆ ಅದರ ಅಕ್ಷರ ಮಾಸಿಹೋಗುತ್ತಿತ್ತು. ಕೊನೆಯ ಪುಟದಿಂದ ಶುರುವಾಗಿ ಒಂದೊಂದೇ ಪುಟ ತಿಳಿಯಾಗುತ್ತಾ ಬಂದು, ವರ್ಷ ತುಂಬುವ ಹೊತ್ತಿಗೆ ಕೈಯಲ್ಲಿ ಉಳಿಯುತ್ತಿದ್ದದ್ದು ಒಗೆದ ಬಟ್ಟೆಯಂಥ ಮೆತ್ತನೆಯ ಬಿಳಿ ಹಾಳೆ. ಆ ಹಾಳೆಗಳನ್ನು ಪೇಟೆಯ ಅಂಗಡಿಯವರು ತೆಗೆದುಕೊಂಡು ಹೋಗಿ ಕಡಲೆಕಾಯಿ ಬೀಜ ಕಟ್ಟಿಕೊಡುತ್ತಿದ್ದರು. ಪೊಟ್ಟಣ ಬಿಚ್ಚುವಾಗ ನನ್ನ ಅಕ್ಕ ಸುಲೋಚನಾ, "ಇದರಲ್ಲಿ ಯಾರ ಮನೆ ವಿಷಯ ಇತ್ತೋ ಏನೋ" ಅನ್ನುತ್ತಿದ್ದಳು. ಅವಳಿಗೆ ಅದೊಂದು ತಮಾಷೆ.

ಓದಿದರೆ ಮಾತ್ರ ಉಳಿಯುತ್ತದೆ ಅಂದಮೇಲೆ ಓದಲೇಬೇಕಲ್ಲ. ಬೀದಿಗೊಂದು ದಿನ ಸರದಿ ಇತ್ತು. ನಮ್ಮ ದೇವಾಂಗದ ಬೀದಿಗೆ ಬುಧವಾರ, ಕೆಳಗೇರಿಗೆ ಗುರುವಾರ, ಹೀಗೆ. ಬೆಳಗಿನ ಕೆಲಸ ಮುಗಿಸಿ ಹೆಂಗಸರು ಮೊರದಲ್ಲಿ ಅವರೆಕಾಯಿ, ಬಿಡಿಸಬೇಕಾದ ಹುಣಸೆಹಣ್ಣು ಇಟ್ಟುಕೊಂಡು ಕಡತಗಳಿದ್ದ ದಫ್ತರಖಾನೆಗೆ ಬರುತ್ತಿದ್ದರು. ಉದ್ದನೆಯ ಹಾಲು, ನೆಲಕ್ಕೆ ಕಡಪಾ ಕಲ್ಲು, ಬೇಸಿಗೆಯಲ್ಲೂ ತಣ್ಣಗೆ. ಓದು ಬರುವವರು ಗಟ್ಟಿಯಾಗಿ ಓದುತ್ತಿದ್ದರು, ಓದು ಬಾರದವರು ಪಕ್ಕದಲ್ಲಿ ಕೂತು ಸಾಲಿನ ಮೇಲೆ ಬೆರಳು ಆಡಿಸುತ್ತಿದ್ದರು. ಅದೂ ಓದಿದ ಲೆಕ್ಕವೇ. ಕಾಗದಕ್ಕೆ ಅದರಿಂದ ಏನೂ ಬೇಸರವಿರಲಿಲ್ಲ. ಮುದುಕಿಯರಿಗೆ ಜನನ ಮರಣದ ಪುಸ್ತಕ ಅಂದರೆ ಪ್ರಾಣ. ದರ್ಜಿ ಮಾರ್ಕಂಡಯ್ಯ ಎಂಬುವರು ವರ್ಷಕ್ಕೊಮ್ಮೆ ತಪ್ಪದೆ ಬಂದು ಪಕ್ಕದ ಮನೆಯವರ ಗೋಡೆ ಒಂದು ಮೊಳ ಮುಂದೆ ಬಂದಿದೆ ಎಂಬ ಕಡತವೊಂದನ್ನೇ ಓದಿ ಹೋಗುತ್ತಿದ್ದರು. ಪಕ್ಕದ ಮನೆಯವರು ಅದೇ ಬೆಂಚಿನಲ್ಲಿ ಕೂತು ಕೇಳಿಸಿಕೊಂಡು, ಮುಗಿದ ಮೇಲೆ ಇಬ್ಬರೂ ಜೊತೆಯಲ್ಲೇ ಕಾಫಿಗೆ ಹೋಗುತ್ತಿದ್ದರು.

ನಾನು ಮೆಟ್ರಿಕ್ ಮುಗಿಸಿ ಹತ್ತೊಂಬತ್ತನೇ ವಯಸ್ಸಿಗೆ ದಫ್ತರಖಾನೆಗೆ ಸೇರಿದೆ. ಅಪ್ಪ ಅಮ್ಮ ಇರಲಿಲ್ಲ, ಅಕ್ಕನ ಮನೆಯಲ್ಲಿದ್ದೆ. ಭಾವ ಚಿದಾನಂದ ಅದೇ ಪುರಸಭೆಯಲ್ಲಿ ಓವರ್ಸಿಯರ್. ಕೆಲಸ ಕೊಡಿಸಿದ್ದೂ ಅವರೇ. ಯಾವ ಕಡತ ಯಾವತ್ತು ಓದಿಸಿಕೊಂಡಿತು, ಯಾವುದಕ್ಕೆ ವರ್ಷ ತುಂಬುತ್ತಾ ಬಂತು ಎಂದು ಸರದಿ ಪುಸ್ತಕದಲ್ಲಿ ಗುರುತು ಹಾಕಿ, ಆಯಾ ದಿನದ ಕಟ್ಟುಗಳನ್ನು ಬಿಚ್ಚಿ ಬೆಂಚಿನ ಮೇಲೆ ಜೋಡಿಸಿಡುವುದು ನನ್ನ ಕೆಲಸ. ನನ್ನ ಮೇಲಿನವರು ದಸ್ತಗೀರ್ ಸಾಬರು. ಮೂವತ್ತು ವರ್ಷದಿಂದ ಅಲ್ಲೇ ಇದ್ದವರು. ಕಿವಿಗೆ ಅತ್ತರಿನ ಹತ್ತಿ ಸಿಕ್ಕಿಸಿಕೊಂಡು, ಯಾವ ಕಾಗದ ಕೇಳಿದರೂ ಎದ್ದು ಹೋಗಿ, ಕತ್ತಲಲ್ಲೇ ಕೈಯಾಡಿಸಿ ತಂದುಕೊಡುತ್ತಿದ್ದರು. "ಕೇಳಿದವರನ್ನ ಕಾಯಿಸಬಾರದು ಇಂದೂ, ಕಾದರೆ ಜನ ಕೇಳೋದೇ ಬಿಟ್ಟುಬಿಡ್ತಾರೆ" ಅನ್ನೋರು. ನನ್ನ ಹೆಸರು ಇಂದುಮತಿ. ಅಷ್ಟುದ್ದ ಕರೆದವರು ಯಾರೂ ಇಲ್ಲ.

ನಾನು ಸೇರಿದ ಮೂರನೇ ವರ್ಷ ಕೆಳಗೇರಿಗೆ ನಲ್ಲಿ ನೀರು ಬಂತು. ಅಲ್ಲಿಯವರೆಗೆ ಬಾವಿಯಿಂದ ಸೇದುತ್ತಿದ್ದ ಹೆಂಗಸರು ಹೊಸ ಹಿತ್ತಾಳೆ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಮೊದಲ ಕೊಡ ತುಂಬುವಾಗ ಸೋಬಾನೆ ಹಾಡಿದರು. ಭಾವ ಅವತ್ತು ಮನೆಗೆ ಬಂದಾಗ ಕುತ್ತಿಗೆಯಲ್ಲಿ ಸೇವಂತಿಗೆ ಹಾರ ಇತ್ತು. ಅದಾಗಿ ಎರಡು ತಿಂಗಳಿಗೆ, ಜುಲೈ ಕೊನೆಯಲ್ಲಿ, ಕೆಳಗೇರಿಯಲ್ಲಿ ವಾಂತಿಭೇದಿ ಶುರುವಾಯಿತು. ಹನ್ನೊಂದು ದಿನದಲ್ಲಿ ನಾಲ್ಕು ಮಕ್ಕಳು ಹೋದವು. ಅದರಲ್ಲಿ ಒಂದು, ಹಿಟ್ಟಿನ ಗಿರಣಿಯ ಚೆಲುವಮ್ಮನ ಮಗಳು, ಆರು ವರ್ಷದ ಗಿರಿಜೆ.

ಚೆಲುವಮ್ಮ ಗಂಡ ಸತ್ತ ಮೇಲೆ ಆ ಗಿರಣಿಯನ್ನು ತಾನೇ ನಡೆಸುತ್ತಿದ್ದಳು. ಇಡೀ ಕೆಳಗೇರಿಯ ರಾಗಿ ಅವಳ ಕೈಯಲ್ಲೇ ಹಿಟ್ಟಾಗುತ್ತಿದ್ದದ್ದು. ಹುಬ್ಬು, ಮುಂಗೂದಲು ಸದಾ ಬೂದುಬಣ್ಣ. ಗಿರಣಿಯ ಸದ್ದಿಗೆ ಕೂಗಿ ಮಾತಾಡಿ ಮಾತಾಡಿ, ಹೊರಗೆ ಸಿಕ್ಕಿದಾಗಲೂ ಕೂಗಿಯೇ ಮಾತಾಡೋಳು. ಮಗಳನ್ನು ಮಣ್ಣು ಮಾಡಿ ಬಂದ ಮೂರನೇ ದಿನ ಪುರಸಭೆಯಿಂದ ಡಂಗುರ ಸಾರಿದರು. ಗಿರಣಿಯಲ್ಲಿ ಮುಗ್ಗಲು ಹಿಡಿದ ಹಿಟ್ಟು ಸಿಕ್ಕಿದೆ, ಕಾಯಿಲೆ ಬಂದದ್ದು ಅದರಿಂದ, ಇನ್ನು ಯಾರೂ ಅಲ್ಲಿ ಹಿಟ್ಟು ಬೀಸಿಸಬಾರದು ಎಂದು. ಬಾಗಿಲಿಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದರು. ಅದೇ ವಾರ ಹೆಲ್ತ್ ಇನ್ಸ್‌ಪೆಕ್ಟರ್ ಸಂಪಂಗಿರಾಮಯ್ಯನವರು ಆಗಸ್ಟ್ ಒಂಬತ್ತಕ್ಕೆ ವರದಿ ಕೊಟ್ಟು, ಹನ್ನೆರಡಕ್ಕೆ ಬೇರೆ ಊರಿಗೆ ವರ್ಗವಾಗಿ ಹೋದರು. ವರದಿಯನ್ನು ಯಾರೋ ಒಮ್ಮೆ ಓದಿ ಆ ವರ್ಷದ ಕಟ್ಟಿನಲ್ಲಿ ಸೇರಿಸಿದರು. ಅಷ್ಟೇ ನಮಗೆ ಗೊತ್ತು.

ಮುಂದಿನ ತಿಂಗಳು ದಫ್ತರಖಾನೆಗೆ ಸುಣ್ಣ ಬಳಿಯಬೇಕು ಎಂದು ಮುಚ್ಚಿದರು. ದೀಪಾವಳಿ ಆದಮೇಲೆ ತೆರೆದಾಗ ಹೊಸ ಪದ್ಧತಿ ಬಂದಿತ್ತು. ಇನ್ನು ಓದಬೇಕೆಂದವರು ಅರ್ಜಿ ಬರೆದುಕೊಡಬೇಕು. ಯಾಕೆ ಓದಬೇಕು ಎಂಬ ಕಾರಣ ಬರೆಯಬೇಕು. ಮುಖ್ಯಾಧಿಕಾರಿ ಶ್ರೀಕಂಠಯ್ಯನವರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಳಗಿನ ಕೋಣೆ, ಅಂದರೆ ಆ ವರ್ಷದ ಕಟ್ಟುಗಳಿದ್ದ ಕೋಣೆ, ಜೋಡಣೆ ಕೆಲಸ ನಡೆಯುತ್ತಿದೆ ಎಂದು ಬೀಗ ಹಾಕಿ, ಸಾಬರ ಹತ್ತಿರವಿದ್ದ ಬೀಗದಕೈಯನ್ನು ಶ್ರೀಕಂಠಯ್ಯನವರೇ ಇಟ್ಟುಕೊಂಡರು. ಕಾಗದ ಹರಿದವರಿಗೆ, ಸುಟ್ಟವರಿಗೆ ನಮ್ಮೂರಿನಲ್ಲಿ ಜೈಲಿತ್ತು. ತಾನಾಗಿ ಮಾಸಿದರೆ ಯಾರ ತಪ್ಪೂ ಅಲ್ಲ.

ಇದಕ್ಕೆ ಊರು ಎದ್ದು ಕೂಗಾಡಿತು ಎಂದು ಹೇಳಲು ನನಗೂ ಆಸೆ. ಹಾಗೇನೂ ಆಗಲಿಲ್ಲ. ಸರದಿ ತಪ್ಪಿತಲ್ಲ ಎಂದು ಎಷ್ಟೋ ಜನಕ್ಕೆ ಹಾಯೆನಿಸಿತು. ಹೆಂಗಸರು ಅವರೆಕಾಯಿಯನ್ನು ಮನೆ ಜಗಲಿಯಲ್ಲೇ ಬಿಡಿಸಿದರು. ಮಾರ್ಕಂಡಯ್ಯನವರು 'ಗೋಡೆ' ಎಂದು ಕಾರಣ ಬರೆದು ಎರಡು ಸಲ ತಿರಸ್ಕಾರವಾದ ಮೇಲೆ ಬರುವುದು ಬಿಟ್ಟರು. ನನಗೂ ಕೆಲಸ ಕಡಿಮೆಯಾಯಿತು. ಸುಳ್ಳು ಯಾಕೆ ಹೇಳಲಿ, ಮಧ್ಯಾಹ್ನ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಮಾಡಿದ್ದೂ ಉಂಟು. ಖಾಲಿ ಹಾಲಿನಲ್ಲಿ ಗಡಿಯಾರದ ಸದ್ದು ಮಾತ್ರ ಕೇಳುತ್ತಿತ್ತು. ಸಾಬರು ಒಬ್ಬರೇ ಕೂತು, ಕೈಗೆ ಸಿಕ್ಕ ಹೊರಗಿನ ಕಡತಗಳನ್ನು ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದರು. ಒಬ್ಬ ಮನುಷ್ಯ ಎಷ್ಟು ಓದಲು ಸಾಧ್ಯ? ವಾರವಾರವೂ ಬಿಳಿ ಹಾಳೆಯ ರಾಶಿ ಬೆಳೆಯಿತು.

ಚೆಲುವಮ್ಮ ಬಂದದ್ದು ಜನವರಿಯಲ್ಲಿ, ಒಂದು ಗುರುವಾರ. ನನ್ನ ಮೇಜಿನ ಮುಂದೆ ನಿಂತು, ಗಿರಣಿ ತಿರುಗುತ್ತಿದೆಯೇನೋ ಎಂಬಂತೆ ಕೂಗಿದಳು. "ಇಂದಮ್ಮಾ, ನಮ್ಮ ಕೇರಿ ಕಾಯಿಲೆ ಬಗ್ಗೆ ಇನ್ಸ್‌ಪೆಕ್ಟ್ರು ಏನೋ ಬರ್ದು ಹೋಗವ್ರಂತೆ. ಅದನ್ನ ನಂಗೆ ಓದಿ ಹೇಳಬೇಕು."

"ಅರ್ಜಿ ಹಾಕಬೇಕಮ್ಮ" ಅಂದೆ. ಅವಳಿಗೆ ಬರೆಯಲು ಬರುವುದಿಲ್ಲ ಎಂದು ಗೊತ್ತಿದ್ದರಿಂದ ನಾನೇ ಕಾಗದ ತೆಗೆದುಕೊಂಡೆ. "ಕಾರಣ ಅಂತ ಏನು ಬರೀಲಿ?"

"ಅದ್ರೊಳಗೆ ಏನೈತೆ ಅಂತ ಗೊತ್ತಿದ್ರೆ ಕಾರಣ ಹೇಳ್ತಿದ್ದೆ. ಗೊತ್ತಿಲ್ಲ ಅಂತಾನೆ ಕೇಳ್ತಿರೋದು."

ನಾನು ಪೆನ್ನು ಹಿಡಿದುಕೊಂಡು ಕೂತೆ. ಆಮೇಲೆ ಅವಳೇ, "ನನ್ನ ಮಗಳು ಅಂತ ಬರಿ" ಅಂದಳು. ಬರೆದೆ. ಹೆಬ್ಬೆಟ್ಟು ಒತ್ತಿದಳು. ಮೂರು ದಿನಕ್ಕೆ ಅರ್ಜಿ ವಾಪಸು ಬಂತು. ಅಡ್ಡಗೆರೆ ಎಳೆದು 'ಕಾರಣ ಸಾಲದು' ಎಂದು ಬರೆದಿದ್ದರು.

ಅವಳು ಮತ್ತೆ ಬಂದಳು. ಮತ್ತೆ ಬರೆದೆವು. 'ಕಡತದ ಸಂಖ್ಯೆ ನಮೂದಿಸಿಲ್ಲ' ಎಂದು ಬಂತು. ಸಂಖ್ಯೆ ಹಾಕಿ ಕಳಿಸಿದರೆ 'ಅರ್ಜಿದಾರರು ವಿಷಯಕ್ಕೆ ಸಂಬಂಧಪಟ್ಟವರಲ್ಲ' ಎಂದು ಬಂತು. ಅದನ್ನು ಓದಿ ಹೇಳಿದ ದಿನ ಚೆಲುವಮ್ಮ ಏನೂ ಕೂಗಾಡಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಹುಬ್ಬಿನ ಮೇಲೆ ಹಿಟ್ಟಿಲ್ಲದೆ ಅವಳ ಮುಖ ಬೇರೆ ಯಾರದೋ ಮುಖದ ಹಾಗೆ ಕಾಣುತ್ತಿತ್ತು. "ನಮ್ಮ ಕೇರಿಯೋರು ನನ್ನ ಕಂಡ್ರೆ ಮಕ್ಕಳನ್ನ ಒಳಕ್ಕೆ ಕರ್ಕೊತಾರೆ ಇಂದಮ್ಮಾ. ಬೈಯಲ್ಲ. ಬೈದಿದ್ರೆ ಎಷ್ಟೋ ವಾಸಿ. ನಾನೂ ಒಂದೊಂದ್ಸಲ ಅಂದ್ಕೊತೀನಿ, ಅವತ್ತು ನನ್ನ ಮಗೀಗೆ ಕೊಟ್ಟ ಅಂಬಲಿ ಹಿಟ್ಟು ಹೆಂಗಿತ್ತು, ವಾಸ್ನೆ ಬಂದಿತ್ತಾ, ನಾನು ನೋಡ್ಲಿಲ್ವಾ ಅಂತ. ಮೂಸಿ ನೋಡಿದ್ದೆ ಅನ್ಸತ್ತೆ. ಆಮೇಲೆ ಇಲ್ಲ ಅನ್ಸತ್ತೆ."

ಅವತ್ತು ಸಂಜೆ ಊಟಕ್ಕೆ ಮೊದಲು ಭಾವನನ್ನು ಕೇಳಿದೆ. "ಆ ವರದಿಯಲ್ಲಿ ಏನಿದೆ ಭಾವ?" ಅವರು ಪತ್ರಿಕೆಯಿಂದ ಕಣ್ಣೆತ್ತಲಿಲ್ಲ. "ಹಿಟ್ಟಿನ ವಿಷಯ" ಅಂದರು. ಅಕ್ಕ ಅಡುಗೆಮನೆಯಿಂದ ಬಂದು ಇಬ್ಬರ ಮುಖವನ್ನೂ ನೋಡಿದಳು. ಭಾವ ಆ ವರ್ಷವೆಲ್ಲ ಸರಿಯಾಗಿ ಉಣ್ಣುತ್ತಿರಲಿಲ್ಲ. ಹೊಟ್ಟೆನೋವು ಎಂದು ಜೀರಿಗೆ ಕಷಾಯ ಕುಡಿಯುತ್ತಿದ್ದರು. ಒಳ್ಳೆಯ ಮನುಷ್ಯ. ನನಗೆ ಜ್ವರ ಬಂದರೆ ಅಕ್ಕನಿಗಿಂತ ಹೆಚ್ಚು ಸಲ ಹಣೆ ಮುಟ್ಟಿ ನೋಡುತ್ತಿದ್ದವರು. ನಾನು ಮತ್ತೆ ಕೇಳಲಿಲ್ಲ.

ಜುಲೈ ಮೂವತ್ತೊಂದಕ್ಕೆ ಸಾಬರ ನಿವೃತ್ತಿ. ಅವರ ಜಾಗಕ್ಕೆ ನನ್ನನ್ನೇ ಹಾಕಿದರು. ಚಾರ್ಜು ವಹಿಸಿಕೊಳ್ಳಬೇಕಾದರೆ ಒಳಕೋಣೆಯ ಬೀಗದಕೈ ನನಗೆ ಕೊಡಲೇಬೇಕು. ಶ್ರೀಕಂಠಯ್ಯನವರು ಮೇಜಿನ ಖಾನೆಯಿಂದ ತೆಗೆದು ನನ್ನ ಅಂಗೈಯಲ್ಲಿಟ್ಟು ನಕ್ಕರು. "ನೀನು ಬೇರೆಯವಳಲ್ಲಮ್ಮ, ನಮ್ಮ ಚಿದಾನಂದನ ನಾದಿನಿ. ಜೋಡಣೆ ಕೆಲಸ ಇನ್ನೊಂದು ಹದಿನೈದು ದಿನ ಇದೆ ಅನ್ಕೋ. ಅಲ್ಲಿಯವರೆಗೆ ತೆಗೀಬೇಡ." ಹೋದ ವರ್ಷದ ಆಗಸ್ಟ್ ಒಂಬತ್ತರಿಂದ ಲೆಕ್ಕ ಹಾಕಿದರೆ ಆ ವರದಿ ಪೂರ್ತಿ ಮಾಸಲು ಹದಿನೈದು ದಿನ ಬೇಕಾದಷ್ಟಾಯಿತು.

ಹೊರಡುವ ಮುಂಚೆ ಸಾಬರು ನನ್ನನ್ನು ಕೂರಿಸಿಕೊಂಡು ತಮ್ಮ ಪೆಟ್ಟಿಗೆಯ ತಳದಿಂದ ಒಂದು ಹಳೆಯ ಹಾಳೆ ತೆಗೆದರು. ಪುರಸಭೆ ಶುರುವಾದ ವರ್ಷದ ಮೊದಲನೆಯ ಠರಾವು. ಅಕ್ಷರ ನಿನ್ನೆ ಬರೆದಂತೆ ಕಪ್ಪಗಿತ್ತು. "ಕಡತ ಓದಲು ಬಂದವರನ್ನು ಯಾಕೆಂದು ಕೇಳತಕ್ಕದ್ದಲ್ಲ" ಎಂದು ಬರೆದಿತ್ತು.

"ಇದು ಇದೆಯಾ ಸಾಬರೇ? ಮತ್ತೆ ನೀವ್ಯಾಕೆ ಮೊದಲೇ..."

"ಮೂವತ್ತು ವರ್ಷ ಇದನ್ನ ನಾನೊಬ್ಬನೇ ಓದಿ ಉಳಿಸ್ಕೊಂಡು ಬಂದೆ ಮಗಳೇ. ದೀಪಾವಳಿ ಆದಮೇಲೆ ಇದನ್ನೇ ಹಿಡ್ಕೊಂಡು ಸಾಹೇಬರ ಕೋಣೆಗೆ ಹೋಗಿದ್ದೆ. 'ಸಾಬರೇ, ಪಿಂಚಣಿಗೆ ಇನ್ನು ಎಷ್ಟು ತಿಂಗಳು ಉಳೀತು' ಅಂತ ಕೇಳಿದ್ರು. ಮಡಚ್ಕೊಂಡು ವಾಪಸ್ ಬಂದೆ." ಅವರು ಕಣ್ಣು ತಪ್ಪಿಸಿದರು. "ಓದೋದು ಗೊತ್ತಿತ್ತು. ಓದಿದ್ದನ್ನ ಜೋರಾಗಿ ಹೇಳೋಕೆ ಆಗಲಿಲ್ಲ ನನಗೆ."

ಅದಾದ ಮೊದಲ ಭಾನುವಾರ, ಮನೆಯಲ್ಲಿ ಎಲ್ಲರೂ ಇದ್ದೆವು. ಬೀಗದಕೈ ನನ್ನ ಸೊಂಟದಲ್ಲಿತ್ತು. ಭಾವ ತಾವಾಗಿಯೇ ಬಂದು ಹಿತ್ತಲ ಕಟ್ಟೆಯ ಮೇಲೆ ನನ್ನ ಪಕ್ಕ ಕೂತರು. "ಪೈಪು ಹಾಕಬೇಕಾದ್ದು ಮೇಲಿನ ದಾರೀಲಿ, ಇಂದು. ಪುರಸಭೆ ಅಧ್ಯಕ್ಷರು ಮೋರಿ ಪಕ್ಕದಲ್ಲೇ ಹಾಕಿ, ಬೇಗ ಮುಗಿಯುತ್ತೆ, ಹಬ್ಬಕ್ಕೆ ನೀರು ಬಿಡಬೇಕು ಅಂದ್ರು. ನಾನು ಬೇಡ ಅಂದೆ. ಬಾಯಲ್ಲಿ ಅಂದೆ. ಬರೆದು ಕೊಡಲಿಲ್ಲ. ಆಮೇಲೆ ಎಲ್ಲ ಸರಿಯಾಗಿದೆ ಅಂತ ಸಹಿ ಹಾಕಿದೆ. ಜಾಯಿಂಟ್ ಒಂದು ಸಡಿಲ ಇತ್ತು. ಮೋರಿ ನೀರು ಒಳಕ್ಕೆ ಹೋಗಿದೆ." ಕೊನೆಗೆ, "ಕಾಯಿಲೆ ನಿಂತ ಮೇಲೆ ಸದ್ದಿಲ್ಲದೆ ಆ ಜಾಯಿಂಟ್ ನಾನೇ ನಿಂತು ಹಾಕಿಸಿದೆ" ಅಂದರು, ಅದೊಂದಾದರೂ ನನಗೆ ತಿಳಿದಿರಲಿ ಎಂಬಂತೆ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಎಲ್ಲ ಮೊದಲೇ ಗೊತ್ತಿತ್ತು ಎಂದು ಮುಖ ನೋಡಿಯೇ ತಿಳಿಯಿತು. "ಒಂದು ವಾರ ಸುಮ್ನಿರು ಇಂದು. ನಾನು ನಿನ್ನನ್ನ ಏನೂ ಕೇಳಿದವಳಲ್ಲ. ಇದೊಂದು ಕೇಳ್ತೀನಿ. ಹೋದ ಮಕ್ಕಳು ವಾಪಸ್ ಬರಲ್ಲ. ಇವರು ಕೆಲಸ ಕಳಕೊಂಡು, ಊರೋರ ಬಾಯಿಗೆ ಬಿದ್ದು, ನಾವು ಎಲ್ಲಿಗೆ ಹೋಗೋಣ?"

"ಚೆಲುವಮ್ಮ ಎಲ್ಲಿಗೆ ಹೋಗಬೇಕು ಅಕ್ಕ?" ಅಂದೆ. ಅದನ್ನು ಅಷ್ಟು ಒರಟಾಗಿ ಹೇಳಬಾರದಿತ್ತು. ಅಕ್ಕ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

ಮೂರು ದಿನ ನಾನು ಏನೂ ಮಾಡಲಿಲ್ಲ. ಒಬ್ಬಳೇ ಒಳಗೆ ಹೋಗಿ ವರದಿಯನ್ನು ಒಮ್ಮೆ ಓದಿಬಿಟ್ಟರೆ ಇನ್ನೊಂದು ವರ್ಷಕ್ಕೆ ಅಕ್ಷರ ಉಳಿಯುತ್ತದೆ, ಆಮೇಲೆ ನೋಡಿಕೊಳ್ಳಬಹುದು ಎಂದೂ ಯೋಚಿಸಿದೆ. ಆಗ ಸಾಬರ ಮುಖ ನೆನಪಾಯಿತು. ಮೂವತ್ತು ವರ್ಷ ಒಬ್ಬರೇ ಓದಿ ಮಡಚಿಟ್ಟ ಆ ಹಾಳೆ ನೆನಪಾಯಿತು. ಬುಧವಾರ ಮಧ್ಯಾಹ್ನ ಕೆಳಗೇರಿಗೆ ನಡೆದುಕೊಂಡು ಹೋಗಿ, ಸತ್ತ ಮಕ್ಕಳಿದ್ದ ನಾಲ್ಕೂ ಮನೆಯ ಮುಂದೆ ನಿಂತು, "ನಾಳೆ ಗುರುವಾರ, ನಿಮ್ಮ ಸರದಿ. ಬನ್ನಿ" ಎಂದಷ್ಟೇ ಹೇಳಿ ಬಂದೆ.

ಮರುದಿನ ಹತ್ತೂವರೆಗೆ ಹದಿನೈದು ಇಪ್ಪತ್ತು ಹೆಂಗಸರು ಬಂದರು. ಒಬ್ಬಳ ಕೈಯಲ್ಲಿ, ಅಭ್ಯಾಸಬಲದಿಂದ ಇರಬೇಕು, ಅವರೆಕಾಯಿಯ ಮೊರವಿತ್ತು. ಚೆಲುವಮ್ಮ ಎಲ್ಲರಿಗಿಂತ ದೂರ, ಬಾಗಿಲ ಹತ್ತಿರ ನಿಂತಳು. ನಾನು ಹೋಗಿ ಒಳಕೋಣೆಯ ಬೀಗ ತೆಗೆದೆ. ಕಟ್ಟು ಬಿಚ್ಚಿ ನೋಡಿದರೆ ವರದಿಯ ಐದು ಪುಟದಲ್ಲಿ ಕೊನೆಯದು ಪೂರ್ತಿ ಬಿಳಿ. ನಾಲ್ಕನೆಯದು ತೆಳು ಚಹಾದ ಬಣ್ಣ. ಮೊದಲ ಮೂರು ಇನ್ನೂ ಓದಲು ಬರುವಂತಿದ್ದವು.

ಸುದ್ದಿ ಹೋಗಿ ಶ್ರೀಕಂಠಯ್ಯನವರು ಓಡೋಡಿ ಬಂದರು. "ಏನಮ್ಮ ಇದು? ಯಾರು ಹೇಳಿದ್ರು ನಿನಗೆ? ಅರ್ಜಿ ಎಲ್ಲಿ, ಕಾರಣ ಎಲ್ಲಿ?" ಸಾಬರು ಕೊಟ್ಟ ಹಾಳೆ ತೆಗೆದು ಓದಿದೆ. ಮೊದಲ ಸಲ ನನಗೇ ಕೇಳಿಸಲಿಲ್ಲ. ಎರಡನೇ ಸಲ ಗಟ್ಟಿಯಾಗಿ ಓದಿದೆ. "ಕಡತ ಓದಲು ಬಂದವರನ್ನು ಯಾಕೆಂದು ಕೇಳತಕ್ಕದ್ದಲ್ಲ." ಮೊರ ಹಿಡಿದಿದ್ದ ಹೆಂಗಸು, "ಕೇಳಿಸ್ತಾ ಸ್ವಾಮಿ?" ಅಂದಳು. ಶ್ರೀಕಂಠಯ್ಯನವರು ಹಾಳೆಯನ್ನು ಕಿತ್ತುಕೊಳ್ಳಲಿಲ್ಲ. ಇಪ್ಪತ್ತು ಜನ ನೋಡುತ್ತಿರುವಾಗ ಯಾರೂ ಹಾಗೆ ಮಾಡುವುದಿಲ್ಲ. ಅವರು ಅಧ್ಯಕ್ಷರ ಮನೆ ಕಡೆಗೆ ಹೊರಟರು.

"ಬಾ ಚೆಲುವಮ್ಮ, ಬೆರಳಿಡು" ಅಂದೆ.

ಅವಳು ನನ್ನ ಪಕ್ಕ ಕೂತು ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು. ಗಿರಣಿಯ ಬೆಲ್ಟು ಎಳೆದೂ ಎಳೆದೂ ಬೆರಳು ಸೊಟ್ಟಗಾಗಿತ್ತು. ನಾನು ಓದಿದಂತೆಲ್ಲ ಅದರ ಹಿಂದೆ ಅಕ್ಷರ ಕಪ್ಪಾಗುತ್ತಾ ಬಂತು. ಸಂಪಂಗಿರಾಮಯ್ಯನವರು ಎಲ್ಲ ಮನೆಗೂ ಹೋಗಿದ್ದರು. ಮಕ್ಕಳ ಹೆಸರು, ವಯಸ್ಸು, ಯಾವ ದಿನ ಕಾಯಿಲೆ ಬಿದ್ದವು, ಎಲ್ಲ ಬರೆದಿದ್ದರು. ಗಿರಿಜೆಯ ಹೆಸರು ಬಂದಾಗ ಬೆರಳು ನಿಂತಿತು, ಮತ್ತೆ ಹೊರಟಿತು. ಎರಡನೇ ಪುಟದ ಮಧ್ಯದಲ್ಲಿ ಹೀಗಿತ್ತು: "ಸದರಿ ಗಿರಣಿಯ ಹಿಟ್ಟನ್ನು ಮೂರು ಸಲ ಪರೀಕ್ಷಿಸಲಾಗಿ ಯಾವ ದೋಷವೂ ಕಂಡುಬಂದಿಲ್ಲ. ಗಿರಣಿಯು ಶುಚಿಯಾಗಿದೆ. ಕಾಯಿಲೆಗೆ ನಲ್ಲಿಯ ನೀರೇ ಕಾರಣ."

"ಇನ್ನೊಂದು ಕಿತ ಓದು" ಅಂದಳು ಚೆಲುವಮ್ಮ. ಓದಿದೆ. "ಇನ್ನೊಂದು ಕಿತ." ಎಷ್ಟು ಸಲ ಓದಿದೆನೋ. ಕೊನೆಗೆ ಅವಳು ಬೆರಳೆತ್ತದೆ, ತಲೆ ಬಗ್ಗಿಸಿಕೊಂಡೇ, ಅಷ್ಟು ದಿನ ಕೂಗಿಯೇ ಮಾತಾಡಿದವಳು, ನನಗೆ ಮಾತ್ರ ಕೇಳುವಂತೆ ಹೇಳಿದಳು. "ಮೂಸಿ ನೋಡಿದ್ದೆ ಇಂದಮ್ಮಾ. ಚೆನ್ನಾಗಿತ್ತು ಹಿಟ್ಟು."

ಮೂರನೇ ಪುಟದಲ್ಲಿ ಪೈಪಿನ ವಿಷಯ. ಅಲ್ಲಿ ನಾನು ತಡವರಿಸಿದೆ. "ಕಾಮಗಾರಿ ಸರಿಯಾಗಿದೆಯೆಂದು ದೃಢೀಕರಿಸಿದವರು" ಎಂಬಲ್ಲಿಗೆ ಬಂದು ನಿಂತುಬಿಟ್ಟೆ. ಮುಂದಿನ ಹೆಸರು ನನಗೆ ಕಾಣುತ್ತಿತ್ತು. ಚೆಲುವಮ್ಮನ ಬೆರಳು ಆ ಹೆಸರಿನ ಕೆಳಗೇ ಇತ್ತು. ಅವಳಿಗೆ ಓದಲು ಬಾರದು. ಬಿಟ್ಟು ಮುಂದೆ ಹೋದರೂ ಅವಳಿಗೆ ತಿಳಿಯುತ್ತಿರಲಿಲ್ಲ. "ಓದವ್ವ, ಯಾಕೆ ನಿಂತೆ?" ಅಂದಳು. "ಓವರ್ಸಿಯರ್ ಚಿದಾನಂದ" ಎಂದು ಓದಿದೆ. ಎಲ್ಲರಿಗೂ ನಾನು ಯಾರ ಮನೆಯವಳೆಂದು ಗೊತ್ತು. ಅವರೆಕಾಯಿಯ ಹೆಂಗಸು ಎದ್ದು ಹೋಗಿ ಒಂದು ಲೋಟ ನೀರು ತಂದುಕೊಟ್ಟಳು.

ನಾಲ್ಕನೇ ಪುಟವನ್ನು ಬಿಸಿಲಿಗೆ ಹಿಡಿದು ಹೇಗೋ ಓದಿದೆ. "ಮೋರಿಯ ಪಕ್ಕದ ದಾರಿಯಲ್ಲಿ ಪೈಪು ಹಾಕಲು ಯಾರ ಆದೇಶವಿತ್ತೆಂದರೆ" ಎಂದು ಅದು ಮುಗಿಯುತ್ತಿತ್ತು. ಹೆಸರು ಐದನೇ ಪುಟದಲ್ಲಿ. ಐದನೇ ಪುಟ ಬಿಳಿ. ಬೆರಳಿಟ್ಟರೂ ಏನೂ ಬರಲಿಲ್ಲ. ಹೋದದ್ದು ಹೋಗಿಯೇ ಹೋಗಿತ್ತು.

ಆಗ ಬಾಗಿಲಲ್ಲಿ ಭಾವ ಕಂಡರು. ಯಾವಾಗ ಬಂದರೋ. ಒಳಗೆ ಬಂದು, ಹೆಂಗಸರ ಮಧ್ಯೆ ದಾರಿ ಮಾಡಿಕೊಂಡು, ನನ್ನೆದುರು ಬೆಂಚಿನ ಮೇಲೆ ಕೂತರು. ಜೇಬಿನಿಂದ ಪೆನ್ನು ತೆಗೆದು, ಆ ಬಿಳಿ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಬರೆಯತೊಡಗಿದರು. ಅಧ್ಯಕ್ಷರು ಯಾವ ದಿನ ಏನು ಹೇಳಿದರು, ತಾವು ಏನು ಹೇಳಿದರು, ಏನು ಹೇಳಲಿಲ್ಲ, ಯಾಕೆ ಸಹಿ ಹಾಕಿದರು, ಎಲ್ಲ. ಅವರದು ನಕ್ಷೆ ಬರೆಯುವವರ ಕೈ, ಅಕ್ಷರ ಒಂದೊಂದೂ ನೇರ. ಪುಟ ತುಂಬಿದ ಮೇಲೆ ಕೆಳಗೆ ಹೆಸರು ಬರೆದು, ತಾರೀಖು ಹಾಕಿ, ಚೆಲುವಮ್ಮನ ಕಡೆ ತಿರುಗಿಸಿ ಇಟ್ಟರು. ಕೈ ಮುಗಿಯಲು ಹೊರಟು, ಕೈ ಎತ್ತಲಾರದೆ ಹಾಗೇ ಕೂತರು. ಅವಳು ಅವರನ್ನು ತುಂಬ ಹೊತ್ತು ನೋಡಿದಳು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ನನ್ನ ಕಡೆ ತಿರುಗಿ, "ಇದನ್ನೂ ಓದು" ಅಂದಳು.

ಭಾವನ ಕೆಲಸ ಹೋಯಿತು. ಅಧ್ಯಕ್ಷರು, "ಓವರ್ಸಿಯರ್ ತನ್ನ ತಪ್ಪನ್ನು ನನ್ನ ತಲೆಗೆ ಕಟ್ಟಿದ್ದಾನೆ" ಎಂದು ವಾದ ಮಾಡಿ ಇನ್ನೂ ಒಂದೂವರೆ ವರ್ಷ ಆ ಕುರ್ಚಿಯಲ್ಲೇ ಕೂತರು. ಆಮೇಲಿನ ಚುನಾವಣೆಯಲ್ಲಿ ಕೆಳಗೇರಿಯ ಒಂದು ಓಟೂ ಅವರಿಗೆ ಬೀಳಲಿಲ್ಲ. ಪೈಪನ್ನು ಕಿತ್ತು ಮೇಲಿನ ದಾರಿಯಲ್ಲಿ ಹಾಕಿದರು. ಕಾರಣ ಕೇಳುವುದನ್ನು ನಿಲ್ಲಿಸಿದರು. ಗಿರಣಿಯ ಬಾಗಿಲಿನ ಅರಗನ್ನು ಚೆಲುವಮ್ಮ ಉಗುರಿನಿಂದಲೇ ಕೆರೆದು ತೆಗೆದಳಂತೆ. ಮೊದಲ ದಿನ ಬೀಸಿಸಲು ರಾಗಿ ತಂದವಳು ಮಗ ಸತ್ತ ಇನ್ನೊಬ್ಬ ತಾಯಿ. ಆ ಗುರುವಾರಗಳು ಮತ್ತೆ ಮೊದಲಿನಂತಾದವು. ಮಾರ್ಕಂಡಯ್ಯನವರು ಬಂದು ನೋಡಿದರೆ ಅವರ ಗೋಡೆಯ ಕಡತ ಪೂರ್ತಿ ಬಿಳಿಯಾಗಿಹೋಗಿತ್ತು. ಪಕ್ಕದ ಮನೆಯವರೇ ನೆನಪಿನಿಂದ ಹೇಳಿ, ಒಂದು ಮೊಳವೆಂದು ಒಪ್ಪಿಕೊಂಡು, ಹೊಸದಾಗಿ ಬರೆಸಿದರು.

ನಾನು ಮಾತ್ರ ಅಕ್ಕನ ಮನೆಯಿಂದ ಹೊರಬಂದು ದಫ್ತರಖಾನೆಯ ಹಿಂದಿನ ಕೋಣೆಯಲ್ಲಿ ಉಳಿದೆ. ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ಭಾವ ಪಕ್ಕದೂರಿನ ಮರದ ಡಿಪೋದಲ್ಲಿ ಗುಮಾಸ್ತರಾದರು. ಸಂತೆಯ ದಿನ ಬಂದಾಗ ನನಗೊಂದು ಪೊಟ್ಟಣ ಖಾರದ ಅವಲಕ್ಕಿ ತಂದು ಕಿಟಕಿಯಲ್ಲಿಟ್ಟು ಹೋಗುತ್ತಿದ್ದರು. "ಊಟ ಸೇರ್ತಿದೆಯಾ ಭಾವ?" ಎಂದರೆ, "ಈಗ ಸೇರುತ್ತೆ" ಅನ್ನುತ್ತಿದ್ದರು. ಹತ್ತು ವರ್ಷ ಹೀಗೇ ನಡೆಯಿತು. ಹನ್ನೊಂದನೇ ವರ್ಷ, ಮಲಗಿದವರು ಏಳಲಿಲ್ಲ. ಅಂತ್ಯಕ್ರಿಯೆಗೆ ಹೋದೆ. ಅಕ್ಕ ನನ್ನನ್ನು ನೋಡಿದಳು, ಮಾತಾಡಲಿಲ್ಲ.

ಅದಾಗಿ ಆರು ತಿಂಗಳಿಗೆ, ಆಗಸ್ಟಿನ ಒಂದು ಗುರುವಾರ, ಚೆಲುವಮ್ಮ ತನ್ನ ಕಡತ ಓದಿಸಿಕೊಳ್ಳಲು ಬಂದಿದ್ದಳು. ಅವಳು ಅದನ್ನು ಒಂದು ವರ್ಷವೂ ತಪ್ಪಿಸಲಿಲ್ಲ. ಆ ಐದು ಪುಟಗಳನ್ನು ಓದಿಸಿಕೊಂಡೂ ಓದಿಸಿಕೊಂಡೂ ಅವಳಿಗೆ ಅಕ್ಷರವೇ ಬಂದುಬಿಟ್ಟಿತ್ತು. ಬೇರೆ ಕಾಗದ ಕೊಟ್ಟರೆ ತಡವರಿಸೋಳು, ಇದನ್ನು ಮಾತ್ರ ತಾನೇ ಓದೋಳು. ಅವಳು ಬೆಂಚಿನಲ್ಲಿ ಕೂತಿರುವಾಗ ಅಕ್ಕ ಬಂದಳು. ಕೆನ್ನೆ ಇಳಿದಿತ್ತು, ಕೂದಲು ಪೂರ್ತಿ ನರೆತಿತ್ತು. ಇವತ್ತು ನಮ್ಮ ಬೀದಿಯ ಸರದಿ ಅಲ್ಲವಲ್ಲ ಎಂದು ನನಗೆ ಗಾಬರಿ. ಅವಳು ನನ್ನ ಮೇಜಿನ ಮುಂದೆ ನಿಂತು, ಬೇರೆಯವರನ್ನು ಕೇಳುವಂತೆ, "ಕೆಳಗೇರಿ ನಲ್ಲಿ ನೀರಿನ ಕಡತ ನೋಡಬೇಕಿತ್ತು" ಅಂದಳು.

ಯಾಕೆ ಎಂದು ನಾನು ಕೇಳಲಿಲ್ಲ. ಆದರೆ ಕಡತ ಚೆಲುವಮ್ಮನ ಮುಂದಿತ್ತು. ನಾನು ಏನು ಹೇಳಲಿ ಎಂದು ತೋಚದೆ ಅವಳ ಕಡೆ ನೋಡಿದೆ. ಚೆಲುವಮ್ಮ ಅಕ್ಕನನ್ನು ಗುರುತು ಹಿಡಿದಳು. ಹಾಳೆಗಳನ್ನು ಎತ್ತಿ ಕೊನೆಯದನ್ನು ಮೇಲಕ್ಕೆ ತಂದು, ಬೆಂಚಿನಲ್ಲಿ ಸರಿದು ಜಾಗ ಮಾಡಿದಳು. "ಬನ್ನಿ ಅಕ್ಕಯ್ಯ, ಇದು ನಿಮ್ಮ ಯಜಮಾನ್ರು ಬರ್ದಿದ್ದು. ಅಕ್ಷರ ಏನೂ ಕೆಟ್ಟಿಲ್ಲ, ನೋಡಿ" ಎಂದು ಗಿರಣಿಯ ಧ್ವನಿಯಲ್ಲಿ ಕೂಗಿ ಹೇಳಿದಳು. ಅಕ್ಕ ಕೂತಳು. ಆ ನೇರವಾದ ಸಾಲುಗಳನ್ನು ಓದಲಿಲ್ಲ ಮೊದಲು, ಅಂಗೈಯಿಂದ ಒಮ್ಮೆ ಸವರಿದಳು. ಆಮೇಲೆ ಕನ್ನಡಕಕ್ಕಾಗಿ ಸೆರಗಿನ ಗಂಟು ಹುಡುಕಿದಳು, ತಂದಿರಲಿಲ್ಲ.

"ಇಂದೂ" ಎಂದು ಕರೆದಳು, ಹನ್ನೊಂದು ವರ್ಷದ ಮೇಲೆ. "ಬಾ ಇಲ್ಲಿ, ಓದಿ ಹೇಳು."